ಪಟೇಲಿಕೆಯ ಬಾಕಿ

ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಕಾಯ್ದೆ ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ವಂಶಪಾರಂಪರ್ಯವಾಗಿ ಬಂದಿದ್ದ ಪಟೇಲ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಎಲ್ಲರೂ ಅಂದು ಒಟ್ಟಿಗೇ ಮಾಜಿಗಳಾದರು. ಕಾಗದದ ಮೇಲೆ.

ಮಳವಳ್ಳಿ ಕಡೆಯ ನಮ್ಮದು ಪಟೇಲರ ಮನೆ. ಪಟೇಲಿಕೆ ಅಂದರೆ ಜಗಲಿ ಮೇಲೆ ಕೂತು ನ್ಯಾಯ ಹೇಳುವುದಷ್ಟೇ ಅಲ್ಲ. ಕಂದಾಯ ವಸೂಲಿ ಮಾಡಬೇಕು, ಹುಟ್ಟು ಸಾವು ಬರೆಸಬೇಕು, ಕೆರೆಯಲ್ಲಿ ಹೆಣ ತೇಲಿದರೆ ಠಾಣೆಗೆ ಮೊದಲು ತಿಳಿಸಬೇಕು, ಅಮಲ್ದಾರರು ಬಂದರೆ ಚಾವಡಿಯಲ್ಲಿ ಹಾಜರಿರಬೇಕು. ಸರ್ಕಾರದ ಪೊಟಗಿ ಅಷ್ಟಕ್ಕಷ್ಟೆ. ನಿಜವಾದ ಸಂಬಳ ಮರ್ಯಾದೆ. ಆದರೆ ಇಷ್ಟೂ ಕೆಲಸಕ್ಕೆ ಓಡಾಡಿದ ಕಾಲು ಯಾರದು? ಬಾಕಿದಾರರನ್ನು ಕರೆತಂದವರು, ಹೆಣ ಕಾದವರು, ತಮಟೆ ಹೊಡೆದು ಸಾರಿದವರು ತೋಟಿ, ತಳವಾರರು.

ನನಗೆ ಕಂಡಂತೆ, ಈ ಸೀಮೆಯಲ್ಲಿ ಪಟೇಲರ ಹಿಡಿತ ಕಾಯ್ದೆಗಿಂತ ಮೊದಲೇ ಸಡಿಲವಾಗಿತ್ತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ಗದ್ದೆಗೆ ನೀರು ಯಾವಾಗ ಅಂತ ಎಂಜಿನಿಯರು, ಕಬ್ಬಿನ ಕಟಾವು ಯಾವಾಗ ಅಂತ ಕಾರ್ಖಾನೆ ಹೇಳತೊಡಗಿದ ಮೇಲೆ ಪಟೇಲರ ಮಾತಿಗೆ ಉಳಿದದ್ದು ಜಾತ್ರೆ, ಮದುವೆ, ಸಾವು.

ಹೋದ ವರ್ಷ ಊರಿನಲ್ಲಿದ್ದಾಗ ಬೆಳಗಿನ ಹೊತ್ತು ತೋಟಿ ಮನೆತನದ ಹಿರಿಯರೊಬ್ಬರು ಬಂದು ಜಗಲಿಯ ಕೆಳಗೆ ನಿಂತರು. "ಬುದ್ಧಿ, ಮೇಲ್ಬೀದಿ ಅಜ್ಜಮ್ಮ ತೀರ್ಕಂಡ್ರು. ಗುಣಿ ಎಲ್ಲಿ ತೋಡ್ಲಿ?"

ಸತ್ತವರ ಮಗನಿಗೆ ನಮ್ಮ ಮನೆಯ ಅಗತ್ಯವೇ ಇರಲಿಲ್ಲ. ನೆಂಟರಿಗೆಲ್ಲ ಫೋನು ಹೋಗಿತ್ತು. ಮರಣಪತ್ರವನ್ನೂ ಅವನೇ ಓಡಾಡಿ ಮಾಡಿಸಿಕೊಂಡ. ಆದರೂ ಗುಣಿ ತೋಡುವವರು ಕೇಳಲು ಬಂದದ್ದು ನನ್ನನ್ನು. ಜಗಲಿ ಮೇಲೆ ಕೂತ್ಕೊಳಿ ಅಂದೆ. "ಇರ್ಲಿ ಬುದ್ಧಿ" ಅಂತ ಟವೆಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತೇ ಇದ್ದರು. ನನ್ನ ತಂದೆಯ ವಯಸ್ಸಿನವರು.

ಕಾಯ್ದೆ ಈ ಕೆಲಸಗಳಿಗೆಂದು ಬಿಟ್ಟಿದ್ದ ಇನಾಂ ಜಮೀನನ್ನು ಹಳೆಯ ಅಧಿಕಾರದವರಿಗೇ ಮರುಮಂಜೂರು ಮಾಡಲು ದಾರಿ ಬಿಟ್ಟಿತ್ತು. ಆ ತೋಟಿ ಹಿರಿಯರ ಮನೆಯ ತುಂಡು ನೆಲ ಸಾಲಕ್ಕೆ ಕೈಬಿಟ್ಟುಹೋಗಿ ಬಹಳ ಕಾಲವಾಗಿದೆ; ಕೊಂಡವರು ದೂರದವರೇನಲ್ಲ. ನಮ್ಮ ಪಾಲಿಗೆ ಕೆಲಸ ಹೋಗಿ ಮರ್ಯಾದೆ ಉಳಿಯಿತು. ಅವರ ಪಾಲಿಗೆ ನೆಲ ಹೋಗಿ ಕೆಲಸ ಉಳಿಯಿತು. ರದ್ದತಿ ಎಲ್ಲರಿಗೂ ಒಂದೇ ದಿನ ಬಂತು ಅಂತ ನಾನು ಓದಿಕೊಂಡಿದ್ದು ಆ ಜಗಲಿಯ ಕೆಳಗಿನ್ನೂ ಇಳಿದೇ ಇಲ್ಲ. ಪಟೇಲಿಕೆ ಬಿಟ್ಟುಕೊಟ್ಟೆವು ಅಂತ ನಮ್ಮವರು ಹೇಳಿಕೊಳ್ಳುವಾಗ ಬಿಟ್ಟುಕೊಟ್ಟದ್ದು ಬರೀ ಅದರ ಹೊರೆಯನ್ನು.

ಆ ಹಿರಿಯರ ಮೊಮ್ಮಗ ಮಂಡ್ಯದಲ್ಲಿ ಓದುತ್ತಿದ್ದಾನೆ. ಮುಂದೆ ಗುಣಿ ತೋಡುವವರು ಯಾರು ಅಂತ ಊರವರು ಗೊಣಗಿದ್ದಕ್ಕೆ ಜೆಸಿಬಿ ತರಿಸಿಕೊಳ್ಳಿ ಅಂದನಂತೆ. ಸರಿಯಾಗಿಯೇ ಅಂದಿದ್ದಾನೆ. ಅದರ ಬಾಡಿಗೆಯನ್ನು ನಮ್ಮ ಮನೆಯೇ ಕೊಡಬೇಕು ಅಂತ ದೊಡ್ಡಪ್ಪನಿಗೆ ಹೇಳಿದ್ದೇನೆ. ಅವರಿನ್ನೂ ಏನೂ ಹೇಳಿಲ್ಲ.