‘ಇನ್‌ಕ್ರೀಸ್’ ಎಂಬ ಹೆಸರೂ ವೃದ್ಧಿಯ ವಿಚಾರವೂ

ಮಗುವಿಗೆ ಹೆಸರಿಡುವುದು ತಂದೆತಾಯಿಗಳು ಅದರ ಪರವಾಗಿ ಮಾಡುವ ಪ್ರಥಮ ಸಂಕಲ್ಪವೆನ್ನಬಹುದು. ಸಂಕಲ್ಪವನ್ನು ಮಾಡುವವರು ಒಬ್ಬರು. ಅದನ್ನು ಜೀವಮಾನವೆಲ್ಲವೂ ಹೊರುವವರು ಮತ್ತೊಬ್ಬರು. ಹೀಗಿರಲು, ಹೆಸರಿನ ಅರ್ಥವು ಅದನ್ನು ಹೊತ್ತವನನ್ನು ಎಷ್ಟರಮಟ್ಟಿಗೆ ಬಂಧಿಸುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ. ಇದಕ್ಕೆ ನಿದರ್ಶನವಾಗಿ ಇಂಗ್ಲಿಷಿನ ಒಂದು ಅಪೂರ್ವ ನಾಮವನ್ನು ತೆಗೆದುಕೊಳ್ಳೋಣ. ಅದು ‘ಇನ್‌ಕ್ರೀಸ್’, ಹೆಚ್ಚಳ, ವೃದ್ಧಿ ಎಂದು ಅದರ ಅರ್ಥ.

ಹದಿನೇಳನೆಯ ಶತಮಾನದಲ್ಲಿ ಪ್ಯೂರಿಟನ್ನರೆಂಬ ಇಂಗ್ಲಿಷ್ ಮತಸುಧಾರಕರು ತಮ್ಮ ಮಕ್ಕಳಿಗೆ ಬೈಬಲ್ಲಿನ ಹೆಸರುಗಳನ್ನೂ, ತಾಳ್ಮೆ ವಿವೇಕ ಮೊದಲಾದ ಗುಣಗಳ ಹೆಸರುಗಳನ್ನೂ ಇಡುತ್ತಿದ್ದರು. ಅವರಲ್ಲೊಬ್ಬನಾದ ರಿಚರ್ಡ್ ಮ್ಯಾದರ್ ಎಂಬ ಪಾದ್ರಿಯು 1635ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿಗೆ ವಲಸೆ ಹೋದನು. 1639ರಲ್ಲಿ ಅವನಿಗೆ ಕಡೆಯ ಮಗನು ಹುಟ್ಟಿದಾಗ, ಆ ಹೊಸ ನಾಡಿಗೆ ದೈವಾನುಗ್ರಹದಿಂದ ಎಲ್ಲ ಬಗೆಯ ಹೆಚ್ಚಳವೂ ಒದಗಿತೆಂಬ ಕೃತಜ್ಞತೆಯಿಂದ ಕೂಸಿಗೆ ‘ಇನ್‌ಕ್ರೀಸ್’ ಎಂದು ಹೆಸರಿಟ್ಟನು. ಆ ಮಗನೇ ಮುಂದೆ ಬೋಸ್ಟನ್ನಿನ ಪ್ರಸಿದ್ಧ ಧರ್ಮಬೋಧಕನೂ, 1685ರಿಂದ 1701ರವರೆಗೆ ಹಾರ್ವರ್ಡ್ ವಿದ್ಯಾಲಯದ ಮುಖ್ಯಸ್ಥನೂ ಆದ ಇನ್‌ಕ್ರೀಸ್ ಮ್ಯಾದರ್.

ಈ ಹೆಸರಿನ ಬೇರು ಬಹು ಹಳೆಯದು. ಹೀಬ್ರೂ ಭಾಷೆಯಲ್ಲಿ ‘ಜೋಸೆಫ್’ ಎಂಬುದಕ್ಕೆ ‘ಅವನು ಇನ್ನೂ ಕೂಡಿಸಲಿ’ ಎಂದರ್ಥ. ಬಹುಕಾಲ ಬಂಜೆಯಾಗಿದ್ದ ರಾಹೇಲಳು ಮಗನನ್ನು ಹೆತ್ತಾಗ, ದೇವರು ಮತ್ತೊಬ್ಬ ಮಗನನ್ನು ಕೊಡಲೆಂದು ಹಾರೈಸಿ ಅವನಿಗೆ ಆ ಹೆಸರನ್ನಿಟ್ಟಳೆಂದು ಬೈಬಲ್ಲಿನ ಆದಿಕಾಂಡವು ಹೇಳುತ್ತದೆ. ‘ಇನ್‌ಕ್ರೀಸ್’ ಎಂಬುದು ಆ ಭಾವದ ಇಂಗ್ಲಿಷ್ ರೂಪವೆನ್ನಬಹುದು. ಆದರೂ ಜೋಸೆಫನು ಲೋಕದಲ್ಲೆಲ್ಲ ಹರಡಿದನು. ಇನ್‌ಕ್ರೀಸನು ಅಪರೂಪನಾಗಿಯೇ ಉಳಿದನು. 1797ರಿಂದ 1799ರವರೆಗೆ ಮ್ಯಾಸಚೂಸೆಟ್ಸಿನ ಗವರ್ನರಾಗಿದ್ದ ಇನ್‌ಕ್ರೀಸ್ ಸಮ್ನರ್, ವಿಸ್ಕಾನ್ಸಿನ್ನಿನ ಪ್ರಕೃತಿಶಾಸ್ತ್ರಜ್ಞ ಇನ್‌ಕ್ರೀಸ್ ಲ್ಯಾಪಮ್ (1811–1875) ಮುಂತಾದ ಕೆಲವರ ತರುವಾಯ ಇಂಗ್ಲೆಂಡ್ ಅಮೆರಿಕಗಳಲ್ಲಿ ಈ ಹೆಸರು ಕೇಳಿಬರುವುದು ಅತಿ ವಿರಳ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ರೂಢಿಯು ಯೋಗಾರ್ಥವನ್ನು ಮುಚ್ಚುತ್ತದೆಂದು ನಮ್ಮ ಶಾಸ್ತ್ರಕಾರರು ಹೇಳುವುದುಂಟು. ಜೋಸೆಫ್ ಎಂದು ಕೂಗಿದಾಗ ಯಾರಿಗೂ ಅರ್ಥವು ನೆನಪಾಗದು, ಮನುಷ್ಯನು ನೆನಪಾಗುತ್ತಾನೆ. ಇನ್‌ಕ್ರೀಸ್ ಎಂದು ಕೂಗಿದರೆ ಅರ್ಥವೇ ಮುಂದೆ ಬಂದು ನಿಲ್ಲುತ್ತದೆ. ನಮ್ಮಲ್ಲಿಯೂ ಮಗನನ್ನು ‘ಹೆಚ್ಚಳ’ ಎಂದು ಕರೆಯುವವರಿಲ್ಲ. ‘ವರ್ಧಮಾನ’ ಎಂದು ಕರೆಯಲು ಯಾರೂ ಸಂಕೋಚಪಡುವುದಿಲ್ಲ.

ವರ್ಧಮಾನ ನಾಮವನ್ನು ಇಲ್ಲಿ ಎತ್ತಿದುದು ಕೇವಲ ಉಪಮಾನಕ್ಕಾಗಿ ಅಲ್ಲ. ಜೈನರ ಕಲ್ಪಸೂತ್ರದ ಪ್ರಕಾರ, ಮಹಾವೀರನು ಗರ್ಭಸ್ಥನಾದಂದಿನಿಂದ ಮನೆಯಲ್ಲಿ ಬೆಳ್ಳಿ ಬಂಗಾರ ಧಾನ್ಯಗಳು ಹೆಚ್ಚುತ್ತ ಬಂದುದರಿಂದಲೇ ತಂದೆತಾಯಿಗಳು ಅವನಿಗೆ ಆ ಹೆಸರನ್ನು ಗೊತ್ತುಮಾಡಿದರು. ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಅಂತರದಲ್ಲಿ, ಪರಸ್ಪರ ಪರಿಚಯವೇ ಇಲ್ಲದ ಎರಡು ಮನೆಗಳಲ್ಲಿ, ಒಂದೇ ಕಾರಣಕ್ಕಾಗಿ ಒಂದೇ ಅರ್ಥದ ಹೆಸರು! ಆದರೆ ವರ್ಧಮಾನನು ಮೂವತ್ತನೆಯ ವಯಸ್ಸಿನಲ್ಲಿ, ಯಾವುದು ಹೆಚ್ಚಿತೆಂದು ತನಗೆ ಆ ಹೆಸರು ಬಂದಿತೋ ಅದೆಲ್ಲವನ್ನೂ ತೊರೆದು ಹೊರಟನು. ಹೆಸರು ಸುಳ್ಳಾಗಲಿಲ್ಲ, ಬೆಳೆಯುವ ವಸ್ತುವು ಬೇರೆಯಾಯಿತು.

ಅತ್ತ ಮ್ಯಾಸಚೂಸೆಟ್ಸಿನಲ್ಲಿ ಹೆಚ್ಚಿದುದಾದರೂ ಏನು? 1630ರಿಂದ 1640ರವರೆಗೆ ಸುಮಾರು 20,000 ಮಂದಿ ವಲಸಿಗರು ಅಲ್ಲಿಗೆ ಬಂದರು. ಹೊಲಗಳು, ಮನೆಗಳು, ದನಕರುಗಳು ಹೆಚ್ಚಿದವು. ಅದೇ ದಶಕದಲ್ಲಿ ಮೂಲನಿವಾಸಿಗಳು ಸಿಡುಬಿನಿಂದ ಊರೂರೇ ಬರಿದಾದರು. 1637ರಲ್ಲಿ ಪೀಕ್ವಾಟ್ ಜನರ ಮಿಸ್ಟಿಕ್ ಎಂಬ ಕೋಟೆಯೂರು ಹೆಂಗಸರು ಮಕ್ಕಳೊಡನೆ ಸುಟ್ಟುಹೋಯಿತು. ಒಬ್ಬರ ವೃದ್ಧಿಯು ಇನ್ನೊಬ್ಬರ ಕ್ಷಯದೊಡನೆ ಬೆರೆತಿದ್ದಿತು. ತೊಟ್ಟಿಲಲ್ಲಿದ್ದ ಕೂಸಿಗೆ ಇದರಲ್ಲಿ ಪಾಪವಿಲ್ಲ; ಆದರೆ ಅದರ ಹೆಸರಿನಲ್ಲಿ ಈ ಲೆಕ್ಕವು ಅಡಗಿಯೇ ಇತ್ತು.

ಆ ಕೂಸು ಐವತ್ತಮೂರು ವರ್ಷದ ವೃದ್ಧಾಚಾರ್ಯನಾದಾಗ ಹೆಸರಿನ ಪರೀಕ್ಷೆಯೂ ಬಂದಿತು. 1692ರಲ್ಲಿ ಅದೇ ಸೀಮೆಯ ಸೇಲಂ ಊರಿನಲ್ಲಿ ಮಾಟಗಾರರೆಂಬ ಆರೋಪದ ಮೇಲೆ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು; ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. ಆರೋಪಿಯ ಛಾಯಾರೂಪವು ತನ್ನನ್ನು ಪೀಡಿಸಿತೆಂಬ ಮಾತನ್ನೂ ಅಲ್ಲಿ ಸಾಕ್ಷ್ಯವೆಂದು ಅಂಗೀಕರಿಸಿದ್ದರು. ಅಕ್ಟೋಬರಿನಲ್ಲಿ ಮ್ಯಾದರನು ಒಂದು ಪ್ರಬಂಧವನ್ನು ಬರೆದು, ಇಂಥ ಸಾಕ್ಷ್ಯವು ಪ್ರಮಾಣವಲ್ಲವೆಂದೂ, ಒಬ್ಬ ನಿರಪರಾಧಿಯು ಶಿಕ್ಷೆಗೆ ಒಳಗಾಗುವುದಕ್ಕಿಂತ ಶಂಕಿತರಾದ ಹತ್ತು ಮಂದಿ ತಪ್ಪಿಸಿಕೊಳ್ಳುವುದೇ ಮೇಲೆಂದೂ ವಾದಿಸಿದನು. ಆ ತಿಂಗಳ ಕಡೆಯಲ್ಲಿ ಗವರ್ನರನು ಆ ನ್ಯಾಯಸ್ಥಾನವನ್ನು ನಿಲ್ಲಿಸಿದನು. ಮ್ಯಾದರನ ಮಾತು ಸತ್ತವರಿಗೆ ತಡವಾಗಿ ಬಂದಿತು. ನ್ಯಾಯಾಧೀಶರನ್ನು ಅವನು ದೂಷಿಸಲೂ ಇಲ್ಲ. ಆದರೂ ಅವನ ಬಾಳಿನಲ್ಲಿ ಹೆಸರಿಗೆ ತಕ್ಕ ವೃದ್ಧಿ ಯಾವುದೆಂದು ನನ್ನನ್ನು ಕೇಳಿದರೆ, ತಂದೆಯು ಎಣಿಸಿದ ಸಂಪತ್ತಲ್ಲ, ಈ ವಿವೇಕವೇ ಎಂದು ಹೇಳುವೆನು.

ಸಂಸ್ಕೃತದಲ್ಲಿ ‘ವೃಧ್’ ಎಂಬ ಧಾತುವು ಅಕರ್ಮಕ. ‘ಬೆಳೆಯಲಿ’ ಎಂದೊಡನೆ ‘ಯಾವುದು?’ ಎಂಬ ಆಕಾಂಕ್ಷೆ ಹುಟ್ಟುತ್ತದೆ. ಆ ಧಾತುವಿನಿಂದಲೇ ತೀರ್ಥಂಕರನ ಹೆಸರೂ ಬಂದಿತು. ‘ವೃದ್ಧಿ’ ಶಬ್ದದ ತದ್ಭವವಾಗಿ ನಮ್ಮ ಸಾಹುಕಾರರ ‘ಬಡ್ಡಿ’ಯೂ ಬಂದಿತು. ಪೈರೂ ಬೆಳೆಯುತ್ತದೆ, ಕಳೆಯೂ ಬೆಳೆಯುತ್ತದೆ. ‘ಅಭಿವೃದ್ಧಿಯಾಗಲಿ’ ಎಂದು ಹರಸುವ ಹಿರಿಯರು ಕ್ರಿಯಾಪದವನ್ನು ಮಾತ್ರ ಕೊಡಬಲ್ಲರು. ಕರ್ತೃಪದವನ್ನು ಹೆಸರು ಹೊತ್ತವನು ತನ್ನ ನಡತೆಯಿಂದ ತುಂಬಬೇಕು. ಹೆಸರು ಮನುಷ್ಯನನ್ನು ಕಟ್ಟುವುದು ಇಷ್ಟರಮಟ್ಟಿಗೇ: ಅದು ಅವನ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ, ಉತ್ತರವನ್ನು ಅವನಿಗೇ ಬಿಡುತ್ತದೆ.