ಅನ್ನದ ಋಣ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟ ಬಸ್ಸು ಉಡಿಗಾಲ ದಾಟಿ, ತೆರಕಣಾಂಬಿ ಹಾದು ಮುಂದೆ ಹೋಗುತ್ತದೆ. ಹುಡುಗನಾಗಿದ್ದಾಗಿನಿಂದ ಓಡಾಡಿದ ದಾರಿ ಇದು. ಈಚಿನ ವರ್ಷಗಳಲ್ಲಿ ಈ ಸೀಮೆಯಲ್ಲಿ ಎಲ್ಲಿಗೆ ಹೋದರೂ ಒಂದಲ್ಲ ಒಂದು ಹೊಸ ಹೋಟೆಲಿನ ಬೋರ್ಡು ಕಣ್ಣಿಗೆ ಬೀಳುತ್ತದೆ. ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ, ಹೊಸ ಸುಣ್ಣದ ವಾಸನೆ. ಗುಂಡ್ಲುಪೇಟೆ ಸೇರಿದರೆ ಬೋರ್ಡಿನ ಮೇಲೆ ಮಲಯಾಳದ ಅಕ್ಷರವೂ ಇರುತ್ತದೆ. ಅಲ್ಲಿಂದ ಒಂದು ಹೆದ್ದಾರಿ ವಯನಾಡಿಗೆ, ಇನ್ನೊಂದು ಊಟಿಗೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರ ಮೇಲೆ ಬೆಳಿಗ್ಗೆ 6ರವರೆಗೆ ಸಾಮಾನ್ಯವಾಗಿ ವಾಹನ ಬಿಡುವುದಿಲ್ಲ. ಹಾಗಾಗಿ ತಡವಾಗಿ ಬಂದವರು ಇಲ್ಲೇ ತಂಗಬೇಕು, ಇಲ್ಲೇ ಉಣ್ಣಬೇಕು. ಸೂರ್ಯಕಾಂತಿ, ಚೆಂಡುಹೂವು ಅರಳುವ ಕಾಲದಲ್ಲಂತೂ ಹೊಲ ನೋಡಲು ಬಂದವರಿಗೆ ಕೂರಲು ಜಾಗ ಸಿಗುವುದಿಲ್ಲ.

ನಮ್ಮ ಮುದ್ದೆ, ಉಪ್ಸಾರುಗಳಿಗೂ ಈಗ ಹೋಟೆಲಿನಲ್ಲಿ ಜಾಗ ಸಿಕ್ಕಿದೆ. ನಾನು ಚಿಕ್ಕವನಿದ್ದಾಗ ಹೋಟೆಲು ಅಂದರೆ ಇಡ್ಲಿ, ದೋಸೆ, ಅನ್ನ ಸಾರು. ಮನೆಯಲ್ಲಿ ದಿನವೂ ಉಣ್ಣುವ ರಾಗಿಮುದ್ದೆಯನ್ನು ನೆಂಟರ ಮುಂದೆ ಇಡಲು ನಮ್ಮವ್ವ ಹಿಂಜರಿಯುತ್ತಿದ್ದಳು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಕರೆಯುವ ಹೊತ್ತಿಗೆ ಆ ಮುದ್ದೆ ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬಂದಿತ್ತು. ಬಡವರ ಊಟಕ್ಕೆ ಮರ್ಯಾದೆ ಬಂತು. ಅದನ್ನು ಇಷ್ಟು ಕಾಲ ಬೆಳೆದು, ಬೀಸಿ, ಉಂಡುಕೊಂಡು ಬಂದವರಿಗೂ ಅಷ್ಟೇ ಮರ್ಯಾದೆ ಬಂತೆ? ಈ ಪ್ರಶ್ನೆ ಕೇಳಿಕೊಂಡಾಗಲೆಲ್ಲ ನನಗೆ ಒಬ್ಬರು ನೆನಪಾಗುತ್ತಾರೆ.

ಅವರು ನಮ್ಮ ಹೊಲದಲ್ಲಿ ದುಡಿಯುತ್ತಿದ್ದರು. ಸಂತೆಯ ದಿನ ಅಪ್ಪ ಅವರನ್ನೂ ನನ್ನನ್ನೂ ಕರೆದುಕೊಂಡು ಪೇಟೆಗೆ ಹೋಗುತ್ತಿದ್ದರು. ವ್ಯಾಪಾರ ಮುಗಿದ ಮೇಲೆ ಹೋಟೆಲಿನಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದೆವು. ಸಪ್ಲೈಯರ್ ಹುಡುಗ ಅಪ್ಪನನ್ನು ಕೇಳಿದ ಹಾಗೆಯೇ ಅವರನ್ನೂ ಕೇಳುತ್ತಿದ್ದ: ‘ಏನ್ ಕೊಡ್ಲಿ ಯಜಮಾನ್ರೆ?’ ಆ ಮಾತಿಗೆ ಅವರು ತಲೆಯ ಟವೆಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂರುತ್ತಿದ್ದರು. ಸಂಜೆ ಬಸ್ಸಿಳಿದು ಊರೊಳಗೆ ಬಂದರೆ ಅದೇ ಮನುಷ್ಯ ನಮ್ಮ ಜಗುಲಿಯ ಕೆಳಗೆ ನಿಂತು, ‘ನಾ ಬತ್ತೀನಿ ಬುದ್ಧಿ’ ಎಂದು ಹೊರಡುತ್ತಿದ್ದರು. ಪೇಟೆಯಿಂದ ಊರಿಗೆ ಕೆಲವೇ ಮೈಲಿ. ಅಷ್ಟು ದೂರದಲ್ಲಿ ಒಬ್ಬ ಯಜಮಾನ ಜಗುಲಿಯ ಕೆಳಗಿಳಿದದ್ದು ಹೇಗೆಂದು ನಾನು ಆಗ ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ.

ಎಲ್ಲ ಹೋಟೆಲುಗಳೂ ಹಾಗೆ ಕೂರಿಸುತ್ತಿರಲಿಲ್ಲ. ಹಳ್ಳಿಯ ಟೀ ಅಂಗಡಿಗಳಲ್ಲಿ ಬೇರೆ ಲೋಟ ಇಡುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ನಮ್ಮ ಸಂವಿಧಾನದ 15ನೇ ವಿಧಿ ಸಮಾನತೆಯ ದೊಡ್ಡ ಮಾತು ಹೇಳಿ ಅಲ್ಲಿಗೆ ಬಿಡಲಿಲ್ಲ. ಅಂಗಡಿ, ಹೋಟೆಲು, ಬಾವಿ, ಕೆರೆ ಎಂದು ಒಂದೊಂದನ್ನೂ ಹೆಸರಿಟ್ಟು, ಇಲ್ಲಿಗೆ ಬರುವವರನ್ನು ಜಾತಿಯ ಕಾರಣಕ್ಕೆ ತಡೆಯಕೂಡದು ಎಂದಿತು. ಅವಮಾನ ನಡೆಯುತ್ತಿದ್ದ ಜಾಗ ಯಾವುವೆಂದು ಅದನ್ನು ಬರೆದವರಿಗೆ ಗೊತ್ತಿತ್ತು. ಇಂಥ ಅವಮಾನ ನಮ್ಮಲ್ಲಿ ಮಾತ್ರ ಇರಲಿಲ್ಲ. ಅಮೆರಿಕದ ಗ್ರೀನ್ಸ್‌ಬರೊ ಊರಿನಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಊಟದ ಕಟ್ಟೆಯ ಮುಂದೆ ಕೂತರು. ಅದೇ ಅಂಗಡಿ ಬೇರೆ ಸಾಮಾನಿಗೆ ಅವರ ದುಡ್ಡನ್ನು ತೆಗೆದುಕೊಂಡಿತ್ತು. ಕೂರಿಸಿ ಬಡಿಸಲು ಮಾತ್ರ ಒಪ್ಪಲಿಲ್ಲ. ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದು ಕೂತರು. ಜುಲೈ ಹೊತ್ತಿಗೆ ಆ ಕಟ್ಟೆ ಎಲ್ಲರಿಗೂ ತೆರೆಯಿತು.

ಹೋಟೆಲಿನ ಬೆಂಚು ಮಾಡಿದ ಉಪಕಾರ ಸಣ್ಣದಲ್ಲ. ಅದಕ್ಕೆ ಒಂದು ಮಿತಿಯೂ ಉಂಟು. ದುಡ್ಡು ಕೊಟ್ಟು ಉಂಡ ಊಟದಲ್ಲಿ ಋಣ ಉಳಿಯುವುದಿಲ್ಲ. ಬಿಲ್ಲು ಕೊಟ್ಟು ಎದ್ದರೆ ಇಬ್ಬರೂ ತಂತಮ್ಮ ದಾರಿ ಹಿಡಿಯಬಹುದು. ನಮ್ಮ ಹಳ್ಳಿಗಳಲ್ಲಿ ಬಿಗಿಯಾಗಿದ್ದದ್ದು ಅನ್ನದ ಋಣದ ಲೆಕ್ಕ. ನಾವು ಕೂಲಿಯವರಿಗೆ ಹೊಲದಲ್ಲಿ ಅನ್ನ ಕೊಟ್ಟೆವು, ಹಬ್ಬಕ್ಕೆ ಪಾಯಸ ಕೊಟ್ಟೆವು. ‘ನಮ್ಮ ಅನ್ನ ತಿಂದವನು’ ಎಂದು ಹೇಳಿಕೊಂಡೆವು. ಅವರ ಒಲೆಯ ಒಂದು ತುತ್ತು ನಮ್ಮ ಬಾಯಿಗೆ ಬರಲಿಲ್ಲ. ಒಂದೇ ಕಡೆಯಿಂದ ಹರಿಯುವ ಅನ್ನದಲ್ಲಿ ಕೊಡುವವನ ದೊಡ್ಡಸ್ತಿಕೆ ಬೆಳೆಯುತ್ತದೆ. ಕೊಡುವುದು ಕಷ್ಟವಲ್ಲ, ತೆಗೆದುಕೊಳ್ಳುವುದು ಕಷ್ಟ. ಒಬ್ಬರ ಕೈಯ ಅನ್ನವನ್ನು ತೆಗೆದುಕೊಂಡರೆ ಅವರಿಗೆ ಋಣಿಯಾಗುತ್ತೇನೆಂದು ಒಪ್ಪಿಕೊಳ್ಳಬೇಕು.

ನಮ್ಮ ಜಿಲ್ಲೆಗೆ ಈ ಪಾಠ ಹೊಸದಲ್ಲ. ಕೊಳ್ಳೇಗಾಲ ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯಿಂದ ಐದು ದಿನ ಸಿದ್ಧಪ್ಪಾಜಿಯ ಜಾತ್ರೆ. ಮಂಟೇಸ್ವಾಮಿ ಪರಂಪರೆಯ ಹಾಡುಗಾರರಾದ ನೀಲಗಾರರ ತಂಬೂರಿ ಕೇಳುವ ಜಾತ್ರೆ ಅದು. ನಾಲ್ಕನೆಯ ದಿನ ಪಂಕ್ತಿಸೇವೆ. ಬಯಲಿನ ತುಂಬ ಒಲೆ ಹೂಡಿ, ಅಡುಗೆ ಮಾಡಿ, ಎಡೆ ಇಟ್ಟು, ಸಾಲಾಗಿ ಕೂತು ಉಣ್ಣುತ್ತಾರೆ. ಹಲವು ಜಾತಿಯ ಒಕ್ಕಲುಗಳು ಅಲ್ಲಿ ನೆರೆಯುತ್ತವೆ. ಆ ಹೊಗೆಯಲ್ಲಿ ಯಾರ ಒಲೆ ಯಾವುದೆಂದು ಬೇರೆ ಮಾಡಲಾಗುವುದಿಲ್ಲ. ಜಾತ್ರೆಯಿಂದ ಮರಳಿ ಊರಿಗೆ ಬಂದ ಮೇಲೂ ಆ ಸಾಲನ್ನು ಉಳಿಸಿಕೊಂಡಿದ್ದರೆ ನಮ್ಮೂರು ಬೇರೆಯೇ ಆಗಿರುತ್ತಿತ್ತು.

ನಾನು ಹೇಳಿದ ಆ ಹಿರಿಯರು ತೀರಿಕೊಂಡು ಬಹಳ ಕಾಲವಾಯಿತು. ಅವರ ಮೊಮ್ಮಗ ಈಚೆಗೆ ರಸ್ತೆಯ ಬದಿಯಲ್ಲಿ ಸಣ್ಣದೊಂದು ಹೋಟೆಲು ತೆರೆದ. ಮನೆಮನೆಗೂ ಬಂದು ಕರೆದ. ನಮ್ಮ ಬೀದಿಯವರು ಹಲವರು ಬಂದರು, ಹೊಗಳಿದರು, ಮುಚ್ಚಳ ಒಡೆಯದ ಬಾಟಲಿಯ ನೀರು ಕುಡಿದರು. ‘ಊಟ ಆಗದೆ ಕಣಪ್ಪ’ ಎಂದು ಹೊರಟರು. ಯಾರೂ ಕೆಟ್ಟ ಮಾತಾಡಲಿಲ್ಲ. ಆ ಹುಡುಗನ ಮುಖದ ಮೇಲಿನ ನಗು ಮಾತ್ರ ಒಂದೊಂದು ಬಾಟಲಿಗೂ ಸ್ವಲ್ಪ ಸ್ವಲ್ಪ ಸೋತಿತು.

ನಾನು ಕೂತೆ. ಎಲೆ ಹಾಕಿ ಮುದ್ದೆ ಇಟ್ಟ, ಹುರುಳಿಕಾಳಿನ ಸಾರು ಬಿಟ್ಟ. ‘ಇನ್ನೊಂದ್ ಮುದ್ದೆ ಹಾಕ್ಲಾ ಅಣ್ಣ?’ ಎಂದ. ಅವನ ತಾತ ನಮ್ಮಪ್ಪನನ್ನು ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಉಂಡು ಕೈ ತೊಳೆದು ಜೇಬಿಗೆ ಕೈ ಹಾಕಿದೆ. ‘ಇವತ್ತು ಮೊದ್ಲು ದಿನ, ದುಡ್ಡು ಬ್ಯಾಡ ಅಣ್ಣ’ ಎಂದು ಕೈ ಹಿಡಿದುಕೊಂಡ.

ಬಲವಂತ ಮಾಡಬೇಕೆಂದುಕೊಂಡವನು ಸುಮ್ಮನಾದೆ. ಕೊಟ್ಟುಬಿಟ್ಟರೆ ಲೆಕ್ಕ ತೀರಿಹೋಗುತ್ತದೆ. ಎಷ್ಟೋ ವರ್ಷ ನಮ್ಮ ಹೊಲದಲ್ಲಿ ಬೆವರು ಸುರಿಸಿದ ಮನೆಯ ಅನ್ನದ ಋಣ ಮೊದಲ ಸಲ ನನ್ನ ಮೇಲೆ ಬಿದ್ದಿತ್ತು. ಅದನ್ನು ಅಲ್ಲೇ ತೀರಿಸಲು ಮನಸ್ಸಾಗಲಿಲ್ಲ. ‘ಸೋಮವಾರ ಸಂಜೆ ಮನೆಗೆ ಊಟಕ್ಕೆ ಬಾಪ್ಪ, ನಿಮ್ಮವ್ವನ್ನೂ ಕರ್ಕೊಂಡು ಬಾ’ ಎಂದೆ. ಅವನು ನನ್ನ ಮುಖ ನೋಡಿದ. ‘ಎಲ್ಲಿ ಕೂತ್ಕಳಾದಣ್ಣ?’ ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಕೇಳದಿದ್ದರೂ ನಾನು ಉತ್ತರ ಕೊಡಬೇಕಿತ್ತು.

‘ನಡುಮನೇಲಿ ಎಲೆ ಹಾಕ್ತೀವಿ, ನನ್ನ ಪಕ್ಕದಲ್ಲೇ ಕೂತ್ಕ’ ಎಂದೆ.