ಹಳತೆಂದು ಹೇಳುವವರು ಯಾರು?

ಅಭಿಪ್ರಾಯದಷ್ಟು ಧಾರಾಳವಾಗಿ ಮನುಷ್ಯ ದಾನಮಾಡುವ ವಸ್ತು ಇನ್ನೊಂದಿಲ್ಲ. ಕೇಳಿದವರಿಗೂ ಕೊಡುತ್ತಾನೆ, ಕೇಳದವರಿಗೂ ಕೊಡುತ್ತಾನೆ. ಎಷ್ಟು ಕೊಟ್ಟರೂ ಅವನ ಭಂಡಾರ ಬರಿದಾಗುವುದಿಲ್ಲ. ಹಿಂದೆ ಈ ದಾನಕ್ಕೆ ಮಳೆ, ಬೆಳೆ, ಮಂತ್ರಿಮಂಡಲ, ನೆರೆಮನೆಯ ಮದುವೆ—ಇಷ್ಟು ವಿಷಯಗಳು ಸಾಕಾಗುತ್ತಿದ್ದವು. ಈಗ ಯಂತ್ರಗಳೂ ಸೇರಿಕೊಂಡಿವೆ. ಬೀದರದ ಚೌಬಾರದ ಸುತ್ತಿನ ಯಾವ ಚಹಾದಂಗಡಿಯಲ್ಲಾದರೂ ಹತ್ತು ನಿಮಿಷ ಕುಳಿತರೆ ಸಾಕು. “ಆ ಕಂಪನಿ ಫೋನ್ ತಗೋಬ್ಯಾಡ್ರಿ, ಎರಡೇ ವರ್ಷಕ್ಕ ಬ್ಯಾಟ್ರಿ ಹೋಗ್ತದ” ಎಂದು ಒಬ್ಬರು. “ನಮ್ಮ ಆಫೀಸಿನ ಕಂಪ್ಯೂಟರ್ ಅಂದ್ರ ನಿಜಾಮನ ಕಾಲದ್ದು ನೋಡ್ರಿ” ಎಂದು ಇನ್ನೊಬ್ಬರು. ವಿಂಡೋಸ್ ಏಳೇ ಚೆನ್ನಾಗಿತ್ತು, ಹತ್ತು ಬಂದು ಕೆಡಿಸಿತು, ಹನ್ನೊಂದರ ಮಾತೇ ಬೇಡ—ಎಂಬ ತೀರ್ಪು ಒಂದು ಲೋಟ ಚಹಾ ಮುಗಿಯುವ ಮೊದಲೇ ಹೊರಬಿದ್ದಿರುತ್ತದೆ.

ಇದರಿಂದ ಯಾರಿಗೂ ನಷ್ಟವಿಲ್ಲ. ನಮ್ಮ ಜೇಬಿನ ಹಣ, ನಮ್ಮ ಕೈಯ ಫೋನು. ಬೀದರದವರು ಸಿಕಂದರಾಬಾದಿನ ಪಾರ್ಕ್‌ಲೇನ್ ಪೇಟೆಯವರೆಗೆ ಹೋಗಿ, ಅಂಗಡಿ ಅಂಗಡಿ ಅಲೆದು, ಚೌಕಾಸಿ ಮಾಡಿ ಒಂದು ಲ್ಯಾಪ್‌ಟಾಪ್ ತಂದರೆ, ಅದನ್ನು ಹೊಗಳುವ ಹಕ್ಕು ಆ ಪ್ರಯಾಣದ ದಣಿವಿಗೇ ಸಲ್ಲಬೇಕಾದ ಕೂಲಿ. ಆ ಹೊಗಳಿಕೆಯಲ್ಲಿ ಅರ್ಧ ಯಂತ್ರದ ಗುಣ, ಇನ್ನರ್ಧ ಕೊಂಡವರ ಜಾಣತನದ ವರ್ಣನೆ ಎಂಬುದನ್ನು ಕೇಳುವವರೂ ಬಲ್ಲರು. ಅಳಿಯನನ್ನು ಹೊಗಳುವ ಮಾವನ ಮಾತನ್ನು ಕೇಳುವಂತೆ ಕೇಳಿ ನಕ್ಕು ಸುಮ್ಮನಾಗುತ್ತಾರೆ.

ಆದರೆ ಇದೇ ಮಾತು ಚಹಾದಂಗಡಿಯಿಂದ ಎದ್ದು ಕಚೇರಿಯ ಮೇಜಿನ ಮೇಲೆ ಹೋಗಿ ಕುಳಿತಾಗ ಅದರ ಸ್ವರೂಪ ಬದಲಾಗುತ್ತದೆ. ಅಲ್ಲಿ “ಇದು ಹಳತು, ಎಸೆಯಿರಿ” ಎಂದು ಹೇಳುವವರು ಒಬ್ಬರು, ಅದಕ್ಕೆ ಹಣ ಕೊಡುವವರು ಇನ್ನೊಬ್ಬರು, ಅದರ ಫಲ ಉಣ್ಣುವವರು ಮತ್ತೊಬ್ಬರು. “ಇದು ಹಳತು, ಏನು ಮಾಡಲಿ” ಎಂದು ಕೈ ಚೆಲ್ಲುವಾಗಲೂ ಅಷ್ಟೆ. ಮಾತಿನ ಬೆಲೆಯನ್ನು ಮಾತಾಡಿದವನು ತೆರುವುದಿಲ್ಲವಾದಾಗ ಆ ಮಾತು ಬರಿಯ ಅಭಿಪ್ರಾಯವಾಗಿ ಉಳಿಯುವುದಿಲ್ಲ. ಅದೊಂದು ನೀತಿಯ ಪ್ರಶ್ನೆಯಾಗುತ್ತದೆ. ಹಳತು ಎನ್ನುವ ಅಧಿಕಾರ ಯಾರದು?

ಮೊದಲು ಹಳತೆಂದರೇನೆಂದು ವಿಚಾರಿಸೋಣ. ಒಂದು ವಸ್ತು ಮೂರು ಬಗೆಯಲ್ಲಿ ಹಳತಾಗುತ್ತದೆ. ತಾನಾಗಿ ಸವೆದು ಕೆಲಸಕ್ಕೆ ಬಾರದೆ ಹೋಗುವುದು ಒಂದು ಬಗೆ: ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ, ಎತ್ತಿಗೆ ಮುಪ್ಪು ಬರುವಂತೆ. ನೋಡುವವರ ಕಣ್ಣಿಗೆ ಬೇಸರವಾಗುವುದು ಎರಡನೆಯದು: ವಸ್ತು ಗಟ್ಟಿಯಾಗಿಯೇ ಇರುತ್ತದೆ, ಮನಸ್ಸು ಮಾತ್ರ ಅಂಗಡಿಯ ಗಾಜಿನ ಆಚೆಗೆ ಹೋಗಿರುತ್ತದೆ. ಮೂರನೆಯದು ನಮ್ಮ ಕಾಲದ ವಿಶೇಷ: ವಸ್ತು ಸವೆದಿಲ್ಲ, ಒಡೆಯನಿಗೆ ಬೇಸರವೂ ಇಲ್ಲ, ಮಾಡಿದವನು ದೂರದಲ್ಲಿ ಕುಳಿತು, ಇಂಥ ದಿನದಿಂದ ಇದು ಹಳತು ಎಂದು ಸಾರುತ್ತಾನೆ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಹುಟ್ಟಿತು. 2014ರ ಏಪ್ರಿಲ್ 8ಕ್ಕೆ ಅದರ ಪೋಷಣೆ ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಆ ರಾತ್ರಿ ಮಲಗುವಾಗ ಇದ್ದ ಯಂತ್ರವೇ ಬೆಳಿಗ್ಗೆಯೂ ಇತ್ತು. ಒಂದು ಮೊಳೆಯೂ ಸಡಿಲಾಗಿರಲಿಲ್ಲ. ಆದರೂ ಅದು ಹಳತಾಗಿತ್ತು. ಮುಂದಿನ ವಿಂಡೋಸ್ 11 ಬೇಕೆಂದರೆ ಯಂತ್ರದೊಳಗೆ ಇಂಥದೇ ಭದ್ರತೆಯ ಚಿಪ್ ಇರಬೇಕೆಂಬ ಕಟ್ಟಳೆ. ಅದಿಲ್ಲದ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ಮೂಲೆ ಸೇರುವ ಪಾಳಿ ಬಂತು.

ಈ ಮೂರನ್ನೂ ನಾವು ಒಂದೇ ಮಾತಿನಿಂದ ಕರೆಯುತ್ತೇವೆ. ಮೊದಲ ತಪ್ಪು ಇಲ್ಲಿದೆ. ಸವೆದದ್ದನ್ನು ಬದಲಿಸುವುದು ವಿವೇಕ. ಬೇಸರವಾದದ್ದನ್ನು ಬದಲಿಸುವುದು ಶೋಕಿ. ಸ್ವಂತ ಹಣದ್ದಾದರೆ ಅದಕ್ಕೂ ಅಡ್ಡಿಯಿಲ್ಲ. ಮಾಡಿದವನೇ ಕೈಬಿಟ್ಟದ್ದರ ವಿಷಯ ಮಾತ್ರ ಯೋಚಿಸಿ ನಿರ್ಧರಿಸಬೇಕಾದದ್ದು.

ಈ ಯೋಚನೆಗೆ ನಮ್ಮ ಬೀದರ ಜಿಲ್ಲೆಯಲ್ಲಿಯೇ ಒಳ್ಳೆಯ ಸಾಮಗ್ರಿಯಿದೆ. ಭಾಲ್ಕಿಯ ಅಥವಾ ಔರಾದದ ತಹಸೀಲು ಕಚೇರಿಯನ್ನು ನೆನೆದುಕೊಳ್ಳಿ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಎಂಬ ಯೋಜನೆಯನ್ನು ತಂದು, ರಾಜ್ಯದ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅಲ್ಲಿಯವರೆಗೆ ರೈತನ ಹೊಲದ ಭವಿಷ್ಯ ಗ್ರಾಮಲೆಕ್ಕಿಗರ ಕಟ್ಟಿನೊಳಗೆ ಅಡಗಿತ್ತು. ಅವರು ಊರಲ್ಲಿದ್ದರೆ ಪಹಣಿ. ಇಲ್ಲದಿದ್ದರೆ ಇನ್ನೊಂದು ದಿನ, ಇನ್ನೊಂದು ನಮಸ್ಕಾರ, ಬಹುಶಃ ಇನ್ನೊಂದು ನೋಟು. ಭೂಮಿ ಬಂದಮೇಲೆ ಹದಿನೈದು ರೂಪಾಯಿ ಕೊಟ್ಟು ಕಿಟಕಿಯಲ್ಲಿ ಪಹಣಿ ಪಡೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ಯಂತ್ರಕ್ಕೇ ಕಲಿಸಿದರು.

ಆ ಏರ್ಪಾಟಿನಲ್ಲಿ ಒಂದು ಸಣ್ಣ ಸಂಗತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕಿಟಕಿಯಲ್ಲಿ ಎರಡು ಪರದೆಗಳು. ಒಂದು ಗುಮಾಸ್ತರ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಏನು ನಡೆಯುತ್ತಿದೆಯೆಂಬುದನ್ನು ಹೊರಗೆ ನಿಂತವನೂ ನೋಡಬೇಕೆಂಬುದು ಅದರ ಉದ್ದೇಶ. ಆ ಗಾಜಿನ ಪೆಟ್ಟಿಗೆ ಇಂದಿನ ಲೆಕ್ಕದಲ್ಲಿ ಹಾಸ್ಯಾಸ್ಪದ: ಗೇಣುದ್ದ ಬೆನ್ನು, ಮಂಕು ಬೆಳಕು, ಎತ್ತಿದರೆ ಸೊಂಟ ಹಿಡಿಯುವ ಭಾರ. ಚಹಾದಂಗಡಿಯ ಪಂಡಿತರು ಅದನ್ನು ಗುಜರಿಗೂ ಬೇಡವೆಂದಾರು. ಆದರೆ ತೊಗರಿ, ಉದ್ದು ಬಿತ್ತುವ ಒಬ್ಬ ರೈತ ಕಚೇರಿಯ ಕಿಟಕಿಯಲ್ಲಿ ನಿಂತು ತನ್ನ ಹೆಸರನ್ನು, ಸರ್ವೆ ನಂಬರನ್ನು, ಎಕರೆ ಗುಂಟೆಯನ್ನು ತಾನೇ ಕಣ್ಣಾರೆ ಓದಿದನಲ್ಲ, ಆ ಕ್ಷಣದಲ್ಲಿ ಆ ಪೆಟ್ಟಿಗೆಗಿಂತ ನವೀನವಾದ ಯಂತ್ರ ಯಾವುದಿತ್ತು? ಅದಕ್ಕಿಂತ ನಾಲ್ಕು ಪಟ್ಟು ವೇಗದ, ತೆಳುವಾದ, ಮಿರುಗುವ ಪರದೆಯನ್ನು ಗುಮಾಸ್ತರ ಕಡೆಗೆ ಮಾತ್ರ ತಿರುಗಿಸಿಟ್ಟರೆ, ನನ್ನ ಎಣಿಕೆಯಲ್ಲಿ ಅದೇ ಹಳೆಯ ಯಂತ್ರ. ಹಳೆಯ ದಫ್ತರದ ಕಟ್ಟೇ ಹೊಸ ಬಟ್ಟೆ ತೊಟ್ಟು ಬಂದಂತೆ.

ಇನ್ನು ಯಂತ್ರದ ಮುಪ್ಪನ್ನೇ ಆಸರೆ ಮಾಡಿಕೊಳ್ಳುವವರ ಮಾತು. “ಸಿಸ್ಟಮ್ ಸ್ಲೋ ಅದ”, “ಸರ್ವರ್ ಇಲ್ಲ, ನಾಳೆ ಬರ್ರಿ” ಎಂಬ ಎರಡು ವಾಕ್ಯಗಳನ್ನು ಕೇಳದೆ ಕಚೇರಿಯಿಂದ ಹೊರಬಂದವರು ಭಾಗ್ಯವಂತರು. ಎಷ್ಟೋ ಸಲ ಅದು ನಿಜವೇ. ಮುದಿ ಯಂತ್ರದ ಮುಂದೆ ಕುಳಿತ ಗುಮಾಸ್ತರ ಪಾಡೂ ಸುಖದ್ದಲ್ಲ. ಆದರೆ ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ಸುಮ್ಮನೆ ಹುಟ್ಟಲಿಲ್ಲ. ಬೆಳೆವಿಮೆಯ ಕಡೆಯ ದಿನ ಹಳ್ಳಿಯಿಂದ ಬಸ್ಸು ಹಿಡಿದು ಬಂದವನಿಗೆ “ನಾಳೆ” ಎಂಬ ಎರಡಕ್ಷರದ ಬೆಲೆ ಒಂದು ದಿನದ ಕೂಲಿ, ಎರಡು ಬಸ್ಸಿನ ಚಾರ್ಜು, ಕೆಲವೊಮ್ಮೆ ಒಂದು ಹಂಗಾಮಿನ ಪರಿಹಾರ. ಯಂತ್ರ ಹಳತೆಂದು ಹೇಳಿದವರು ಇದರಲ್ಲಿ ಒಂದು ಕಾಸೂ ತೆರುವುದಿಲ್ಲ.

ಹಾಗಾದರೆ ಹಳತನ್ನೇ ಹಿಡಿದುಕೊಂಡಿರೋಣವೇ? ಅದೂ ಸಲ್ಲದು. ಪೋಷಣೆ ನಿಂತ ಯಂತ್ರಕ್ಕೆ ಕಳ್ಳರು ನುಗ್ಗುವ ಹೊಸ ಕಿಂಡಿಗಳನ್ನು ಮುಚ್ಚುವವರಿರುವುದಿಲ್ಲ. ಮನೆಯಲ್ಲಿ ಹಾಡು ಕೇಳಲು ಅದು ಸಾಕು. ಊರವರ ಆಸ್ತಿ, ಪಿಂಚಣಿಗಳ ಲೆಕ್ಕ ಇಡಲು ಸಾಲದು. ಬೀಗ ಕೆಟ್ಟ ಪೆಟ್ಟಿಗೆಯಲ್ಲಿ ನಮ್ಮ ಒಡವೆಯನ್ನು ಇಡುವುದು ನಮ್ಮ ಇಷ್ಟ. ಪರರ ಒಡವೆಯನ್ನಿಡುವುದು ದ್ರೋಹ. ಮಿತವ್ಯಯವೆಂಬ ಹೆಸರಿನಲ್ಲಿ ಇಂಥ ದ್ರೋಹ ನಡೆಯಬಾರದು. ಎಸೆಯುವ ಮೊದಲು ಲಿನಕ್ಸಿನಂಥ, ಕಡಿಮೆ ಶಕ್ತಿಯ ಯಂತ್ರದಲ್ಲೂ ನಡೆಯುವ ವ್ಯವಸ್ಥೆಯನ್ನು ಹಾಕಿ ನೋಡಬಹುದು. ಅದು ಒಗ್ಗದಿದ್ದರೆ ಬದಲಿಸಬೇಕು. ಬದಲಿಸಿದಾಗಲೂ ಹಳೆಯದರ ಒಡಲಲ್ಲಿರುವ ಸೀಸ ಮೊದಲಾದ ವಿಷದ್ರವ್ಯಗಳು ಯಾವ ಮಕ್ಕಳ ಕೈಗೆ ಹೋಗಿ ಬೀಳುತ್ತವೆಂದು ವಿಚಾರಿಸುವ ಹೊಣೆ ಉಳಿದೇ ಇರುತ್ತದೆ.

ಯಂತ್ರ ಹೋಗಲಿ, ಅದರಲ್ಲಿ ಬರೆದಿಟ್ಟದ್ದರ ಗತಿಯೇನು? ಬೀದರದವರಿಗೆ ಇದು ಹೊಸ ಪ್ರಶ್ನೆಯಲ್ಲ. 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಹೈದರಾಬಾದಿಗೆ ಸೇರಿತ್ತು; ನಿಜಾಮರ ಆಡಳಿತದಲ್ಲಿ ದಫ್ತರವೆಲ್ಲ ಉರ್ದುವಿನಲ್ಲಿತ್ತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಇಲ್ಲಿ ಮನೆಮಾತು. ಆ ಕಾಲದ ಭೂದಾಖಲೆಗಳನ್ನು ಇಂದು ತೆಗೆದರೆ ಕಾಗದ ಗಟ್ಟಿಯಾಗಿಯೇ ಇರಬಹುದು, ಮಸಿಯೂ ಮಾಸದಿರಬಹುದು. ಆದರೆ ಆ ದಫ್ತರದ ಮೋಡಿಯ ಉರ್ದುವನ್ನು ಓದಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು. ಕಾಗದಕ್ಕೆ ಮುಪ್ಪು ಬರಲಿಲ್ಲ, ಓದುವವರ ಸಂತತಿ ತೆಳುವಾಯಿತು.

ಕಾಗದದ ವಿಷಯದಲ್ಲಿ ಇದಕ್ಕೆ ಎರಡು ಮೂರು ತಲೆಮಾರು ಹಿಡಿಯಿತು. ಗಣಕದಲ್ಲಿ ಒಂದೇ ತಲೆಮಾರು ಸಾಕಾಯಿತು. ‘ಬರಹ’ 1998ರಲ್ಲಿ ಬಂತು, ತುಸು ಕಾಲದಲ್ಲೇ ‘ನುಡಿ’ ಬಂತು. ಕಚೇರಿಗಳಲ್ಲಿ ಕನ್ನಡ ಮೂಡತೊಡಗಿತು. ಅದು ಸಣ್ಣ ಉಪಕಾರವಲ್ಲ. ಆದರೆ ಆಗಿನ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಆ ಫಾಂಟಿರುವ ಯಂತ್ರದಲ್ಲಿ ಮಾತ್ರ ಕನ್ನಡವಾಗಿ ತೋರುತ್ತಿದ್ದವು. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಸಿಕ್ಕು ಎಲ್ಲರೂ ಅಲ್ಲಿಗೆ ಹೋಗತೊಡಗಿದಮೇಲೆ, ಹಿಂದಿನ ಕಡತವನ್ನು ಹೊಸ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಮಾರ್ಪಡಿಸುವ ಸಾಧನಗಳಿವೆ, ಆದರೆ ಯಾರಾದರೂ ಕುಳಿತು ಮಾಡಬೇಕು, ಮಾಡಿದಮೇಲೆ ಒತ್ತು, ದೀರ್ಘ ತಿದ್ದಬೇಕು. “ಹಳೆಯ ಕಂಪ್ಯೂಟರ್ ತೆಗೆದುಹಾಕಿ” ಎಂದು ಹಗುರವಾಗಿ ಹೇಳಿದವರು ಈ ಕೆಲಸಕ್ಕೆ ಬಂದು ಕೂರುವುದನ್ನು ನಾನಂತೂ ಕಂಡಿಲ್ಲ.

ಬೀದರದ ನೆಲದೊಳಗೆ ಇನ್ನೊಂದು ಸಾಕ್ಷಿಯಿದೆ. ಬಹಮನಿ ಸುಲ್ತಾನರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಪರ್ಷಿಯದ ಮಾದರಿಯಲ್ಲಿ ಕೊರೆದ ಕರೇಜುಗಳು. ನೆಲದಡಿಯ ಸುರಂಗದಲ್ಲಿ ನೀರು ತನ್ನ ಇಳಿಜಾರಿನಲ್ಲೇ ಹರಿದುಬರುತ್ತದೆ. ಗಾಳಿ ಬೆಳಕಿಗೆ, ಹೂಳೆತ್ತುವುದಕ್ಕೆ ಮೇಲಿಂದ ಬಾವಿಗಳು. ನಲ್ಲಿಯೂ ಕೊಳವೆಬಾವಿಯೂ ಬಂದಮೇಲೆ ಅದು ಹಳತೆನಿಸಿತು. ತೀರ್ಪು ಕೊಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ. ಇಂಥ ತೀರ್ಪುಗಳನ್ನು ಯಾರೂ ಕೊಡುವುದಿಲ್ಲ, ಎಲ್ಲರೂ ಸೇರಿ ಮಾತಾಡಿಕೊಳ್ಳುತ್ತಾರೆ. ಬಾವಿಗಳಿಗೆ ಮಣ್ಣು, ಕಸ ಬಿದ್ದವು. 2015ರ ಆಸುಪಾಸಿನಲ್ಲಿ ನೌಬಾದಿನ ಕರೇಜನ್ನು ಗುರುತಿಸಿ ಹೂಳೆತ್ತಿದಾಗ ಒಳಗೆ ಸುರಂಗ ಇನ್ನೂ ಇತ್ತು. ಕರೇಜೊಂದೇ ಇಂದಿನ ನಗರದ ಬಾಯಾರಿಕೆಯನ್ನು ನೀಗೀತೆಂದು ನಾನು ಹೇಳುವುದಿಲ್ಲ. ಹೊಸ ನಲ್ಲಿ ಬಂತೆಂಬ ಕಾರಣಕ್ಕೆ ಹಳೆಯ ಬಾವಿಗೆ ಕಸ ಸುರಿಯಬೇಕಾಗಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ವಸ್ತುಗಳ ಮೇಲೆ ಹಗುರವಾಗಿ ತೀರ್ಪು ಕೊಡುವ ಅಭ್ಯಾಸಕ್ಕೆ ಇನ್ನೊಂದು ಅಪಾಯವಿದೆ: ಅದು ವಸ್ತುಗಳಲ್ಲಿಯೇ ನಿಲ್ಲುವುದಿಲ್ಲ. “ಅವರು ಔಟ್‌ಡೇಟೆಡ್” ಎಂಬ ಮಾತನ್ನು ಈಗ ಮನುಷ್ಯರ ವಿಷಯದಲ್ಲೂ ಆಡುತ್ತೇವೆ. ಮೂವತ್ತು ವರ್ಷ ದಫ್ತರ ಕಾದು, ಯಾವ ಊರಿನ ಯಾವ ಸರ್ವೆ ನಂಬರಿನಲ್ಲಿ ಯಾವ ತಕರಾರಿದೆಯೆಂಬುದನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡ ಗುಮಾಸ್ತರು, ಮೌಸ್ ಹಿಡಿಯುವುದರಲ್ಲಿ ನಿಧಾನವಾದ್ದರಿಂದ ಹಳಬರಾಗುತ್ತಾರೆ. ಇನ್ನೂ ಕಷ್ಟದ್ದು ಪಡಿತರದಂಗಡಿಯ ಮುಂದಿನದು. ಅಲ್ಲಿ ಬೆರಳೊತ್ತಿದರೆ ಧಾನ್ಯ. ಜೀವಮಾನವಿಡೀ ಕಳೆ ತೆಗೆದು, ಕಲ್ಲು ಹೊತ್ತು ಗೆರೆ ಸವೆದುಹೋದ ಬೆರಳನ್ನು ಯಂತ್ರ ಗುರುತಿಸದಿದ್ದರೆ, “ಅಮ್ಮಾ, ನಿಮ್ಮ ಬೆರಳು ಬರವಲ್ದು” ಎನ್ನುತ್ತಾರೆ. ಬೆರಳು ಬಂದೇ ಇದೆ. ಓದಲು ಬಾರದ್ದು ಯಂತ್ರಕ್ಕೆ. ದುಡಿದ ಬೆರಳನ್ನು ಕೆಟ್ಟದ್ದೆಂದೂ, ಓದಲಾರದ ಯಂತ್ರವನ್ನು ಹೊಸತೆಂದೂ ಕರೆಯುವಲ್ಲಿಗೆ ನಮ್ಮ ಭಾಷೆ ಬಂದು ನಿಂತಿದೆ.

ಆದ್ದರಿಂದ ವಾಚಕರಲ್ಲಿ ನನ್ನ ಬಿನ್ನಹ ಇಷ್ಟೆ. ಸ್ವಂತ ಫೋನಿನ ವಿಷಯದಲ್ಲಿ ಬೇಕಾದ್ದು ಹೇಳೋಣ; ಜಗಳವಾಡಿದರೂ ಚಿಂತೆಯಿಲ್ಲ. ಹತ್ತು ಜನರಿಗೆ ಸೇರಿದ ಯಂತ್ರವನ್ನು ಹಳತೆನ್ನುವ ಮೊದಲು ಮಾತ್ರ, ಇದನ್ನು ತೆಗೆದರೆ ಯಾರಿಗೆ ನಷ್ಟ, ಇಟ್ಟರೆ ಯಾರಿಗೆ ಅಪಾಯ, ಇದರಲ್ಲಿ ಬರೆದದ್ದನ್ನು ನಾಳೆ ಯಾರು ಓದುತ್ತಾರೆ ಎಂದು ಕೇಳಿಕೊಳ್ಳೋಣ. ಉತ್ತರಕ್ಕಾಗಿ ಅಂಗಡಿಗೂ ಹೋಗಬೇಕಾಗಿಲ್ಲ, ಪಂಡಿತರಲ್ಲಿಗೂ ಹೋಗಬೇಕಾಗಿಲ್ಲ. ಕಿಟಕಿಯ ಹೊರಗೆ ಸರದಿಯಲ್ಲಿ ನಿಂತವರನ್ನು ಕೇಳಿದರೆ ಸಾಕು. ಅವರೇ ಬೆಲೆ ತೆರುವವರಾದ್ದರಿಂದ ತೀರ್ಪೂ ಅವರದೇ ಆಗಬೇಕಾದದ್ದು ನ್ಯಾಯ.